ಅನ್ಯಲೋಕಗಳ ದಾರಿ ತೋರಿದ ಕೆಪ್ಲರ್

ಈ ವಿಶ್ವದಲ್ಲಿ ಜೀವವೆಂಬುದು ನಮ್ಮ ಭೂಮಿಯೊಂದರ ಮೇಲೆಯೇ ಇರುವುದೆ? ರಾತ್ರಿಯ ಆಕಾಶದಲ್ಲಿ ಮಿನುಗುವ ಅಸಂಖ್ಯ ತಾರೆಗಳಲ್ಲಿ ಯಾವುದಾದರೊಂದರ ಬಳಿ ನಮ್ಮದರಂತಹ ಇನ್ನೊಂದು ನೆಲವಿದ್ದು, ಅಲ್ಲಿಯೂ ಮಳೆ ಸುರಿದು ಹಸುರು ಚಿಗುರುತ್ತಿರಬಹುದೆ? ಈ ಪ್ರಶ್ನೆ ಇಂದಿನದಲ್ಲ. ನಮ್ಮ ಹಿರಿಯರು ಹದಿನಾಲ್ಕು ಲೋಕಗಳನ್ನು ಎಣಿಸಿದರು. ಗ್ರೀಕರು ಲೋಕವೊಂದೆ ಹಲವೆ ಎಂದು ವಾದಿಸಿದರು. ಆದರೆ ಬಹುಕಾಲದವರೆಗೆ ಅದು ಕಥೆಗಾರರ ಮತ್ತು ತತ್ತ್ವಜ್ಞಾನಿಗಳ ಮಾತಾಗಿಯೇ ಉಳಿದಿದ್ದಿತು. ಈಗ ಅದು ಅಳತೆಯ ಮಾತಾಗಿದೆ. 1995ರಲ್ಲಿ ಸೂರ್ಯನಂತಹ ಇನ್ನೊಂದು ತಾರೆಯನ್ನು ಸುತ್ತುವ ಗ್ರಹವು ಮೊದಲ ಸಲ ಗೊತ್ತಾಯಿತು. 2025ರ ವೇಳೆಗೆ ಹೀಗೆ ಪತ್ತೆಯಾದ ಗ್ರಹಗಳ ಸಂಖ್ಯೆ ಆರು ಸಾವಿರವನ್ನು ದಾಟಿತು.

ಇಂತಹ ಲೋಕಗಳನ್ನು ಹುಡುಕಲೆಂದೇ 2009ನೆಯ ಇಸವಿಯಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ಒಂದು ದೂರದರ್ಶಕವನ್ನು ಅಂತರಿಕ್ಷಕ್ಕೆ ಕಳುಹಿಸಿದರು. ಅದಕ್ಕೆ ಅವರಿಟ್ಟ ಹೆಸರು ಕೆಪ್ಲರ್. ಸುಮಾರು ನಾಲ್ಕು ಶತಮಾನಗಳ ಹಿಂದೆ ಜರ್ಮನಿಯಲ್ಲಿ ಬಾಳಿದ ಜ್ಯೋತಿರ್ವಿದನೊಬ್ಬನ ಹೆಸರು ಅದು. ಸೋಜಿಗವೆಂದರೆ, ಆ ಮಹನೀಯನು ಅನ್ಯ ತಾರೆಗಳ ಸುತ್ತ ಗ್ರಹಗಳಿವೆ ಎಂಬ ವಾದವನ್ನು ಒಪ್ಪಿದವನಲ್ಲ. ಅಂತಹ ಗ್ರಹವು ಎಲ್ಲಿ ಕಂಡುಬಿಟ್ಟೀತೋ ಎಂದು ಒಮ್ಮೆ ಅಂಜಿದವನು. ಕಾಣಲಿಲ್ಲವೆಂದು ತಿಳಿದಾಗ ನಿರುಮ್ಮಳವಾಗಿ ಉಸಿರಾಡಿದವನು. ಹಾಗಿದ್ದರೂ ಆ ದೂರದರ್ಶಕಕ್ಕೆ ಆತನ ಹೆಸರಿಗಿಂತ ತಕ್ಕ ಹೆಸರು ಬೇರೊಂದಿರಲಿಲ್ಲ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಆತನ ಜೀವನವನ್ನೇ ನೋಡಬೇಕು.

ಯೋಹಾನೆಸ್ ಕೆಪ್ಲರನು 1571ನೆಯ ಇಸವಿ ಡಿಸೆಂಬರ್ 27ರಂದು ದಕ್ಷಿಣ ಜರ್ಮನಿಯ ವೈಲ್ ಡೆರ್ ಸ್ಟಾಟ್ ಎಂಬ ಚಿಕ್ಕ ಪಟ್ಟಣದಲ್ಲಿ ಜನಿಸಿದನು. ಅಜ್ಜನು ಆ ಪಟ್ಟಣದ ಮುಖ್ಯಸ್ಥನಾಗಿದ್ದನು. ಆದರೆ ತಂದೆಯ ಕಾಲಕ್ಕೆ ಮನೆತನದ ಸ್ಥಿತಿ ಇಳಿದಿದ್ದಿತು. ತಂದೆ ಹೈನ್ರಿಕನು ಕೂಲಿ ಸಿಪಾಯಿ. ಯಾರು ಸಂಬಳ ಕೊಟ್ಟರೆ ಅವರ ಪರವಾಗಿ ಕಾದಾಡಲು ಹೊರಟುಬಿಡುತ್ತಿದ್ದ ಆತನು, ಮಗನು ಇನ್ನೂ ಹದಿಹರೆಯದಲ್ಲಿರುವಾಗಲೇ ಮನೆ ಬಿಟ್ಟು ಹೋದವನು ಮತ್ತೆ ಹಿಂದಿರುಗಲಿಲ್ಲ. ತಾಯಿ ಕತಾರಿನಾ ಪ್ರವಾಸಿಗಳ ತಂಗುಮನೆಯನ್ನು ನಡೆಸುತ್ತಿದ್ದವನ ಮಗಳು. ಗಿಡಮೂಲಿಕೆಗಳಿಂದ ಔಷಧ ಮಾಡಿಕೊಡುತ್ತಿದ್ದವಳು. ಕೆಪ್ಲರನು ಏಳೇ ತಿಂಗಳಿಗೆ ಹುಟ್ಟಿದ ಬಡಕಲು ಕೂಸು. ಎಳೆತನದಲ್ಲಿಯೇ ಸಿಡುಬು ತಗುಲಿ ಆತನ ಕಣ್ಣಿನ ದೃಷ್ಟಿ ಕುಗ್ಗಿಹೋಯಿತು. ಮುಂದೆ ಆಕಾಶದ ಶಾಸನವನ್ನು ಬರೆಯಬೇಕಾಗಿದ್ದವನಿಗೆ ನಕ್ಷತ್ರಗಳೇ ಸರಿಯಾಗಿ ಕಾಣುತ್ತಿರಲಿಲ್ಲವೆಂದರೆ ವಿಧಿಯ ಲೀಲೆ ಎನ್ನಬೇಕು.

ಆದರೂ ಆಕಾಶದತ್ತ ಆತನ ಕಣ್ಣನ್ನು ಮೊದಲು ತಿರುಗಿಸಿದವಳು ತಾಯಿಯೇ. 1577ರಲ್ಲಿ ಯುರೋಪಿನಲ್ಲೆಲ್ಲ ಕಾಣಿಸಿಕೊಂಡ ದೊಡ್ಡ ಧೂಮಕೇತುವನ್ನು ತೋರಿಸಲು ಅವಳು ಆರು ವರ್ಷದ ಮಗನನ್ನು ಎತ್ತರದ ಸ್ಥಳವೊಂದಕ್ಕೆ ಕರೆದೊಯ್ದಳು. ಮೂರು ವರ್ಷಗಳ ಅನಂತರ ಚಂದ್ರಗ್ರಹಣವನ್ನು ನೋಡಲೆಂದು ಆತನನ್ನು ಮನೆಯಿಂದ ಹೊರಗೆ ಕರೆದರು. ಕೆಂಪೇರಿದ ಆ ಚಂದ್ರನನ್ನು ಆತನು ಕಡೆಯವರೆಗೂ ಮರೆಯಲಿಲ್ಲ.

ಬಡವರ ಮನೆಯ ಬುದ್ಧಿವಂತ ಹುಡುಗರಿಗೆ ವಿದ್ಯಾರ್ಥಿವೇತನವನ್ನು ಕೊಟ್ಟು ಓದಿಸುವ ಪದ್ಧತಿಯನ್ನು ಆ ಸೀಮೆಯ ಪ್ರಾಟೆಸ್ಟೆಂಟ್ ದೊರೆಗಳು ಇಟ್ಟುಕೊಂಡಿದ್ದರು. ಧರ್ಮಬೋಧಕರು ಬೇಕೆಂಬುದು ಅವರ ಉದ್ದೇಶ. ಆ ವ್ಯವಸ್ಥೆ ಇಲ್ಲದಿದ್ದರೆ ಕೆಪ್ಲರನು ತಂಗುಮನೆಯ ಚಾಕರಿಯಲ್ಲಿಯೇ ಆಯುಷ್ಯವನ್ನು ಕಳೆಯುತ್ತಿದ್ದನೇನೋ. ವಿದ್ಯಾರ್ಥಿವೇತನದ ಹಣದಿಂದಲೇ ತರಗತಿಯಲ್ಲಿ ಕುಳಿತಿರುವ ನಮ್ಮಂತಹವರಿಗೆ ಈ ಸಂಗತಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಡೆಲ್‌ಬರ್ಗ್ ಮತ್ತು ಮೌಲ್‌ಬ್ರಾನ್ ಮಠಶಾಲೆಗಳಲ್ಲಿ ಓದಿ, 1589ರಲ್ಲಿ ಆತನು ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಆತನಿಗೆ ದೊರೆತ ಗುರುವು ಮಿಖಾಯೆಲ್ ಮೇಸ್ಟ್ಲಿನ್. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ಕೊಪರ್ನಿಕಸನ ಮತವನ್ನು ಒಪ್ಪುವವರು ಆಗ ಬೆರಳೆಣಿಕೆಯಷ್ಟು ಮಂದಿ. ಮೇಸ್ಟ್ಲಿನ್ ಅವರಲ್ಲೊಬ್ಬನು. ಶಿಷ್ಯನು ಆ ಮತಕ್ಕೆ ಮನಸೋತನು.

1593ರಲ್ಲಿ ಕೆಪ್ಲರನು ಒಂದು ವಿಚಿತ್ರವಾದ ಚರ್ಚಾವಿಷಯವನ್ನು ಸಿದ್ಧಪಡಿಸಿದನು. ಚಂದ್ರನ ಮೇಲೆ ನಿಂತು ನೋಡುವವನಿಗೆ ಆಕಾಶವು ಹೇಗೆ ಕಾಣುತ್ತದೆ ಎಂಬುದೇ ಆ ವಿಷಯ. ಭೂಮಿಯ ಮೇಲಿರುವ ನಮಗೆ ಭೂಮಿಯ ಚಲನೆ ಹೇಗೆ ಅರಿವಾಗುವುದಿಲ್ಲವೋ, ಹಾಗೆಯೇ ಚಂದ್ರನ ಮೇಲಿರುವವರಿಗೆ ಚಂದ್ರನ ಚಲನೆ ಅರಿವಾಗಲಾರದು ಎಂಬುದು ಅದರ ಒಳತಿರುಳು. ಅಧಿಕಾರದಲ್ಲಿದ್ದ ಪ್ರಾಧ್ಯಾಪಕನು ಈ ಚರ್ಚೆಗೆ ಅನುಮತಿ ಕೊಡಲಿಲ್ಲ. ಬರಹವು ಪೆಟ್ಟಿಗೆ ಸೇರಿತು. ಆದರೆ ಬೀಜವು ಸಾಯಲಿಲ್ಲ ಎಂಬುದನ್ನು ಮುಂದೆ ನೋಡಲಿದ್ದೇವೆ.

ಧರ್ಮಬೋಧಕನಾಗಬೇಕೆಂದೇ ಓದುತ್ತಿದ್ದ ಕೆಪ್ಲರನ ಬಾಳು 1594ರಲ್ಲಿ ತಿರುವು ಪಡೆಯಿತು. ಆಸ್ಟ್ರಿಯದ ಗ್ರಾಟ್ಸ್ ಪಟ್ಟಣದ ಪ್ರಾಟೆಸ್ಟೆಂಟ್ ಶಾಲೆಗೆ ಗಣಿತದ ಉಪಾಧ್ಯಾಯನೊಬ್ಬನು ಬೇಕಾಗಿದ್ದನು. ವಿಶ್ವವಿದ್ಯಾನಿಲಯವು ಆತನನ್ನು ಕಳುಹಿಸಿಕೊಟ್ಟಿತು. ಮೊದಲನೆಯ ವರ್ಷ ಆತನ ತರಗತಿಗೆ ಬಂದವರು ಕೆಲವೇ ವಿದ್ಯಾರ್ಥಿಗಳು. ಎರಡನೆಯ ವರ್ಷ ಒಬ್ಬರೂ ಬರಲಿಲ್ಲ! ಪಂಚಾಂಗ ಬರೆಯುವುದೂ ಆತನ ಕೆಲಸವಾಗಿದ್ದಿತು. 1595ನೆಯ ವರ್ಷಕ್ಕೆ ಕಡುಚಳಿಯನ್ನೂ ತುರ್ಕರ ದಾಳಿಯನ್ನೂ ಆತನು ಮುನ್ನುಡಿದಿದ್ದನು. ಎರಡೂ ನಡೆದುದರಿಂದ ಊರಿನಲ್ಲಿ ಹೆಸರಾಯಿತು. ಫಲಜ್ಯೋತಿಷ್ಯದಲ್ಲಿ ಆತನಿಗೆ ಪೂರ್ಣ ವಿಶ್ವಾಸವಿರಲಿಲ್ಲವಾದರೂ ಹೊಟ್ಟೆಪಾಡಿಗೆ ಜೀವಮಾನವೆಲ್ಲ ಅದನ್ನು ಬಿಡಲಾಗಲಿಲ್ಲ.

1595ರ ಜುಲೈ ತಿಂಗಳಿನಲ್ಲಿ, ತರಗತಿಯಲ್ಲಿ ಚಿತ್ರವೊಂದನ್ನು ಬರೆದು ಪಾಠ ಹೇಳುತ್ತಿರುವಾಗ, ಆತನಿಗೆ ಒಂದು ವಿಚಾರ ಥಟ್ಟನೆ ಹೊಳೆಯಿತು. ಆಗ ತಿಳಿದಿದ್ದ ಗ್ರಹಗಳು ಭೂಮಿಯೂ ಸೇರಿ ಆರು. ಅವುಗಳ ನಡುವಣ ಅಂತರಗಳು ಐದು. ಎಲ್ಲ ಮುಖಗಳೂ ಒಂದೇ ಸಮನಾಗಿರುವ ಘನಾಕೃತಿಗಳು ರೇಖಾಗಣಿತದಲ್ಲಿ ಐದೇ ಐದು. ಹಾಗಾದರೆ ದೇವರು ಈ ಐದು ಆಕೃತಿಗಳನ್ನು ಒಂದರೊಳಗೊಂದು ಇಟ್ಟು ಗ್ರಹಗಳ ಅಂತರವನ್ನು ನಿಶ್ಚಯಿಸಿರಬೇಕಲ್ಲವೆ? ಈ ವಿಚಾರವನ್ನೇ ವಿಸ್ತರಿಸಿ ಆತನು ಬರೆದ ಗ್ರಂಥವು 1596ರಲ್ಲಿ ಅಚ್ಚಾಯಿತು. ವಿಚಾರವು ತಪ್ಪೆಂಬುದನ್ನು ನಾವು ಇಂದು ಬಲ್ಲೆವು. ಆದರೆ ಅದರ ಹಿಂದೆ ಇದ್ದ ಪ್ರಶ್ನೆ ಹೊಸದು. ಗ್ರಹಗಳು ಎಲ್ಲಿವೆ ಎಂದಷ್ಟೇ ಕೇಳದೆ, ಅಲ್ಲಿಯೇ ಏಕೆ ಇವೆ ಎಂದು ಆತನು ಕೇಳಿದನು.

ತನ್ನ ವಿಚಾರವನ್ನು ಒರೆಗೆ ಹಚ್ಚಲು ಕೆಪ್ಲರನಿಗೆ ನಿಖರವಾದ ಅಳತೆಗಳು ಬೇಕಾಗಿದ್ದವು. ಅವು ಇದ್ದುದು ಜಗತ್ತಿನಲ್ಲಿ ಒಬ್ಬನ ಬಳಿ ಮಾತ್ರ. ಅವನೇ ಡೆನ್ಮಾರ್ಕಿನ ಶ್ರೀಮಂತ ಟೈಕೋ ಬ್ರಾಹೆ. ದೂರದರ್ಶಕವು ಇನ್ನೂ ಬಾರದಿದ್ದ ಆ ಕಾಲದಲ್ಲಿ ಬರಿಗಣ್ಣಿನಿಂದಲೇ, ಭಾರಿ ಯಂತ್ರಗಳ ಸಹಾಯದಿಂದ, ದಶಕಗಳ ಕಾಲ ಗ್ರಹಗಳ ಸ್ಥಾನವನ್ನು ಆತನು ಅಳೆದು ಬರೆದಿಟ್ಟಿದ್ದನು. ಆಗ ಆತನು ಚಕ್ರವರ್ತಿ ಎರಡನೆಯ ರುಡಾಲ್ಫನ ಆಶ್ರಯದಲ್ಲಿ ಪ್ರಾಗ್ ನಗರದ ಸಮೀಪದ ಕೋಟೆಯೊಂದರಲ್ಲಿದ್ದನು. ಇತ್ತ ಗ್ರಾಟ್ಸ್‌ನಲ್ಲಿ ಕ್ಯಾಥೊಲಿಕ್ ಪ್ರಭುವು ಪ್ರಾಟೆಸ್ಟೆಂಟ್ ಉಪಾಧ್ಯಾಯರನ್ನು ಹೊರಗಟ್ಟತೊಡಗಿದ್ದನು. 1600ನೆಯ ಇಸವಿ ಫೆಬ್ರವರಿಯ ಆರಂಭದಲ್ಲಿ ಕೆಪ್ಲರನು ಟೈಕೋವನ್ನು ಕಂಡನು. ಅದೇ ವರ್ಷ ಮತವನ್ನು ಬದಲಿಸಲು ಒಪ್ಪದೆ ಗ್ರಾಟ್ಸ್‌ನಿಂದ ಗಡೀಪಾರಾಗಿ, ಹೆಂಡತಿ ಬಾರ್ಬರಾಳೊಡನೆ ಪ್ರಾಗಿಗೇ ಬಂದು ನೆಲಸಿದನು.

ಕೆಪ್ಲರನು ಟೈಕೋವನ್ನು ಕಂಡ ಅದೇ ಫೆಬ್ರವರಿ ತಿಂಗಳಿನ 17ರಂದು ರೋಮ್ ನಗರದಲ್ಲಿ ಜೋರ್ಡಾನೊ ಬ್ರೂನೋ ಎಂಬ ತತ್ತ್ವಜ್ಞಾನಿಯನ್ನು ಜೀವಸಹಿತ ಸುಡಲಾಯಿತು. ತಾರೆಗಳೆಲ್ಲವೂ ಸೂರ್ಯರೇ, ಅವುಗಳ ಸುತ್ತಲೂ ಭೂಮಿಗಳಿವೆ, ಅಲ್ಲಿಯೂ ಜೀವಿಗಳಿವೆ, ವಿಶ್ವಕ್ಕೆ ನಡುವೂ ಇಲ್ಲ ಅಂಚೂ ಇಲ್ಲ ಎಂದು ಬ್ರೂನೋ ಸಾರಿದ್ದನು. ಧರ್ಮನ್ಯಾಯಾಲಯವು ಆತನ ಮೇಲೆ ಹೊರಿಸಿದ ಹಲವು ಆರೋಪಗಳಲ್ಲಿ ಇದೂ ಒಂದು. ಬ್ರೂನೋವಿನ ಈ ವಾದವೇ ಮುಂದೆ ಕೆಪ್ಲರನನ್ನು ಕಾಡಿತು.

ಟೈಕೋ ಕೆಪ್ಲರನಿಗೆ ವಹಿಸಿದುದು ಮಂಗಳಗ್ರಹದ ಲೆಕ್ಕವನ್ನು. ಎಲ್ಲ ಗ್ರಹಗಳಿಗಿಂತ ಹೆಚ್ಚು ಮೊಂಡಾಟದ ಗ್ರಹ ಅದು. ಎಂಟು ದಿನಗಳಲ್ಲಿ ಮುಗಿಸುವೆನೆಂದು ಕೆಪ್ಲರನು ಪಂದ್ಯ ಕಟ್ಟಿದನು; ಹಿಡಿದುದು ಸುಮಾರು ಐದು ವರ್ಷ. 1601ರ ಅಕ್ಟೋಬರಿನಲ್ಲಿ ಟೈಕೋ ಮರಣ ಹೊಂದಲು, ಕೆಪ್ಲರನೇ ಚಕ್ರವರ್ತಿಯ ಆಸ್ಥಾನ ಗಣಿತಜ್ಞನಾದನು. ಪದವಿ ದೊಡ್ಡದು, ಆದರೆ ಸಂಬಳವು ಕೈಗೆ ಸರಿಯಾಗಿ ಬರುತ್ತಿರಲಿಲ್ಲ.

ಇಲ್ಲಿ ನಡೆದ ಒಂದು ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ಗ್ರಹಗಳ ದಾರಿ ವೃತ್ತವೇ ಆಗಿರಬೇಕೆಂದು ಎರಡು ಸಾವಿರ ವರ್ಷಗಳಿಂದ ವಿದ್ವಾಂಸರೆಲ್ಲರೂ ನಂಬಿದ್ದರು. ಕೊಪರ್ನಿಕಸನೂ ನಂಬಿದ್ದನು. ಕೆಪ್ಲರನೂ ಹಾಗೆಯೇ ನಂಬಿ, ಮಂಗಳನ ಕಕ್ಷೆಯನ್ನು ವೃತ್ತವೆಂದು ಹಿಡಿದು, ಎಪ್ಪತ್ತು ಸಲ ಲೆಕ್ಕವನ್ನು ತಿರುವಿ ಹಾಕಿ ಒಂದು ಸಿದ್ಧಾಂತವನ್ನು ಕಟ್ಟಿದನು. ಅದನ್ನು ಟೈಕೋವಿನ ಅಳತೆಗಳಿಗೆ ಹೋಲಿಸಿದಾಗ ಒಂದೆಡೆ ಎಂಟು ಕಲೆಗಳಷ್ಟು ವ್ಯತ್ಯಾಸ ಕಂಡಿತು. ಒಂದು ಅಂಶದಲ್ಲಿ ಅರವತ್ತು ಕಲೆಗಳು. ಹುಣ್ಣಿಮೆಯ ಚಂದ್ರನ ಅಗಲವೇ ಸುಮಾರು ಮೂವತ್ತೊಂದು ಕಲೆ. ಎಂದರೆ ಆ ವ್ಯತ್ಯಾಸವು ಚಂದ್ರಬಿಂಬದ ಕಾಲುಭಾಗದಷ್ಟು! ಬೇರೆ ಯಾರಾದರೂ ಆಗಿದ್ದರೆ ಅಳತೆಯಲ್ಲಿಯೇ ದೋಷವಿರಬೇಕೆಂದು ಕೈತೊಳೆದುಕೊಳ್ಳುತ್ತಿದ್ದರು. ಕೆಪ್ಲರನು ಹಾಗೆ ಮಾಡಲಿಲ್ಲ. ಟೈಕೋ ಅಷ್ಟು ದೊಡ್ಡ ತಪ್ಪು ಮಾಡುವವನಲ್ಲವೆಂದು ಆತನಿಗೆ ಗೊತ್ತಿತ್ತು. ವರ್ಷಗಟ್ಟಲೆ ದುಡಿದು ಕಟ್ಟಿದ ಸಿದ್ಧಾಂತವನ್ನು ಆ ಎಂಟು ಕಲೆಗಳಿಗಾಗಿ ಕೆಡವಿ, ಮೊದಲಿನಿಂದ ತೊಡಗಿದನು.

ಕೊನೆಗೆ ದೊರೆತ ಉತ್ತರವೇ ದೀರ್ಘವೃತ್ತ. ಹಲಗೆಯ ಮೇಲೆ ಎರಡು ಮೊಳೆಗಳನ್ನು ನೆಟ್ಟು, ಅವುಗಳಿಗೆ ಸಡಿಲವಾಗಿ ದಾರದ ಕುಣಿಕೆ ಹಾಕಿ, ಸೀಸದಕಡ್ಡಿಯಿಂದ ದಾರವನ್ನು ಬಿಗಿಹಿಡಿದು ಸುತ್ತಿದರೆ ಬರುವ ಆಕೃತಿ ಅದು. ಆ ಮೊಳೆಗಳ ಸ್ಥಾನವನ್ನು ನಾಭಿ ಎನ್ನುವರು. ಪ್ರತಿಯೊಂದು ಗ್ರಹವೂ ದೀರ್ಘವೃತ್ತದಲ್ಲಿ ಚಲಿಸುತ್ತದೆ, ಅದರ ಒಂದು ನಾಭಿಯಲ್ಲಿ ಸೂರ್ಯನಿರುವನು ಎಂಬುದು ಕೆಪ್ಲರನ ಮೊದಲನೆಯ ನಿಯಮ. ಸೂರ್ಯನಿಂದ ಗ್ರಹಕ್ಕೆ ಎಳೆದ ಗೆರೆಯು ಸಮನಾದ ಕಾಲಗಳಲ್ಲಿ ಸಮನಾದ ಕ್ಷೇತ್ರಗಳನ್ನು ಸವರುತ್ತದೆ ಎಂಬುದು ಎರಡನೆಯದು. ಎಂದರೆ, ಗ್ರಹವು ಸೂರ್ಯನ ಹತ್ತಿರ ಬಂದಾಗ ಬೇಗನೆಯೂ ದೂರ ಹೋದಾಗ ನಿಧಾನವಾಗಿಯೂ ಓಡುತ್ತದೆ. ಇವೆರಡನ್ನೂ ಒಳಗೊಂಡ ಗ್ರಂಥವು 1609ರಲ್ಲಿ ಪ್ರಕಟವಾಯಿತು.

ಮರುವರ್ಷ, 1610ರ ಮಾರ್ಚಿಯಲ್ಲಿ, ಕೆಪ್ಲರನ ಗೆಳೆಯ ವಾಖರ್ ಎಂಬ ಆಸ್ಥಾನಾಧಿಕಾರಿಯು ಆತನ ಮನೆಯ ಮುಂದೆ ಗಾಡಿಯನ್ನು ನಿಲ್ಲಿಸಿ ಒಂದು ಸುದ್ದಿಯನ್ನು ತಿಳಿಸಿದನು. ಇಟಲಿಯಲ್ಲಿ ಗೆಲಿಲಿಯೊ ಎಂಬುವನು ದೂರದರ್ಶಕದ ಮೂಲಕ ನಾಲ್ಕು ಹೊಸ ಗ್ರಹಗಳನ್ನು ಕಂಡಿರುವನಂತೆ! ವಾಖರನು ಬ್ರೂನೋವಿನ ಮತದ ಅಭಿಮಾನಿ. ಆ ನಾಲ್ಕೂ ಬೇರೊಂದು ತಾರೆಯನ್ನು ಸುತ್ತುವ ಗ್ರಹಗಳೇ ಇರಬೇಕೆಂದು ಆತನು ಹಿಗ್ಗಿದನು. ಕೆಪ್ಲರನ ಎದೆ ಹೊಯ್ದಾಡಿತು.

ಏಕೆ? ಕೆಪ್ಲರನ ಕಣ್ಣಿಗೆ ವಿಶ್ವವು ದೇವರ ಪ್ರತಿಬಿಂಬವಾಗಿದ್ದಿತು. ನಡುವೆ ಸೂರ್ಯನು ತಂದೆಯಾದ ದೇವರ ಕುರುಹು. ಸುತ್ತಲಿನ ನಕ್ಷತ್ರಗೋಲವು ದೇವಸುತನ ಕುರುಹು. ನಡುವಣ ಅವಕಾಶವು ಪವಿತ್ರಾತ್ಮದ ಕುರುಹು. ಇಂತಹ ವಿಶ್ವಕ್ಕೆ ನಡುವೂ ಅಂಚೂ ಇರಲೇಬೇಕು. ತಾರೆಗಳೆಲ್ಲ ಸೂರ್ಯರಾಗಿ, ಪ್ರತಿಯೊಂದಕ್ಕೂ ಗ್ರಹಗಳಿದ್ದರೆ, ನಡುವೆಂಬುದೇ ಇಲ್ಲದ ಬಯಲಿನಲ್ಲಿ ಮಾನವನು ದಿಕ್ಕುಗೆಟ್ಟು ಅಲೆಯಬೇಕಾಗುತ್ತದೆ. ಅಂತಹ ಅನಂತವು ಆತನಿಗೆ ಸೆರೆಮನೆಯಂತೆ ತೋರುತ್ತಿದ್ದಿತು. ವಿಶ್ವವು ಅನಂತವಾಗಿದ್ದು ಎಲ್ಲೆಲ್ಲಿಯೂ ಸೂರ್ಯರೇ ತುಂಬಿದ್ದರೆ ರಾತ್ರಿಯ ಆಕಾಶವು ಕಪ್ಪಾಗಿರುವುದು ಹೇಗೆ ಎಂಬ ಪ್ರಶ್ನೆಯನ್ನೂ ಆತನು ಎತ್ತಿದನು. ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕಂಡುಕೊಳ್ಳಲು ವಿಜ್ಞಾನಿಗಳಿಗೆ ಇನ್ನೂ ಮೂರು ಶತಮಾನಗಳು ಹಿಡಿದವು.

ಏಪ್ರಿಲಿನಲ್ಲಿ ಗೆಲಿಲಿಯೊವಿನ ಪುಸ್ತಕವು ಪ್ರಾಗಿಗೆ ಬಂದಿತು. ಹೊಸ ಗ್ರಹಗಳು ಯಾವ ತಾರೆಯನ್ನೂ ಸುತ್ತುತ್ತಿರಲಿಲ್ಲ. ಅವು ಗುರುಗ್ರಹದ ಚಂದ್ರರು. ಕೆಪ್ಲರನು ನಿರುಮ್ಮಳನಾದನು. ಕೂಡಲೇ ಗೆಲಿಲಿಯೊವಿಗೆ ಬೆಂಬಲವಾಗಿ ದೀರ್ಘವಾದ ಪತ್ರವನ್ನು ಬರೆದು ಅಚ್ಚು ಹಾಕಿಸಿದನು. ಬೇರೆಯವರು ಗೆಲಿಲಿಯೊವನ್ನು ಹಳಿಯುತ್ತಿದ್ದಾಗ ಆತನ ಮಾತನ್ನು ಎತ್ತಿಹಿಡಿದ ದೊಡ್ಡ ವಿದ್ವಾಂಸನು ಕೆಪ್ಲರನೇ.

ಆದರೆ ಜೀವವು ಭೂಮಿಯ ಸೊತ್ತು ಮಾತ್ರವೆಂದು ಕೆಪ್ಲರನು ಭಾವಿಸಿದ್ದನೆಂದು ತಿಳಿಯಬಾರದು. ನಮ್ಮ ಸೂರ್ಯನ ಮನೆತನದೊಳಗೆ ಜೀವಿಗಳಿರುವುದಕ್ಕೆ ಆತನ ಅಡ್ಡಿಯೇನೂ ಇರಲಿಲ್ಲ. ಗುರುಗ್ರಹಕ್ಕೆ ನಾಲ್ಕು ಚಂದ್ರರಿದ್ದ ಮೇಲೆ ಅವುಗಳನ್ನು ನೋಡಿ ನಲಿಯಲು ಅಲ್ಲಿ ಯಾರಾದರೂ ಇರಲೇಬೇಕೆಂದು ಆತನು ವಾದಿಸಿದನು. ಚಂದ್ರನ ಮೇಲಿನ ದುಂಡನೆಯ ಕುಳಿಗಳು ಅಲ್ಲಿನ ನಿವಾಸಿಗಳು ಬಿಸಿಲಿನಿಂದ ತಪ್ಪಿಸಿಕೊಳ್ಳಲು ತೋಡಿದ ಆಸರೆಗಳೆಂದು ಊಹಿಸಿದನು. ಅವು ಉಲ್ಕೆಗಳು ಅಪ್ಪಳಿಸಿ ಆದ ಗಾಯಗಳೆಂದು ಈಗ ಗೊತ್ತಾಗಿದೆ. ಊಹೆಯ ಕುದುರೆಯನ್ನು ಎಷ್ಟು ದೂರ ಬೇಕಾದರೂ ಓಡಿಸುತ್ತಿದ್ದವನು ಕೆಪ್ಲರ್. ಅಳತೆ ಸಿಕ್ಕ ಕಡೆ ಮಾತ್ರ ಲಗಾಮು ಅಳತೆಯ ಕೈಯಲ್ಲಿರುತ್ತಿತ್ತು.

1611ನೆಯ ವರ್ಷ ಕೆಪ್ಲರನಿಗೆ ಕೇಡಿನ ವರ್ಷ. ಆರು ವರ್ಷದ ಮಗ ಫ್ರೀಡ್ರಿಕನು ಸಿಡುಬಿನಿಂದ ತೀರಿಕೊಂಡನು. ಅದೇ ವರ್ಷ ಹೆಂಡತಿಯೂ ಕಣ್ಮುಚ್ಚಿದಳು. ಆಶ್ರಯದಾತ ರುಡಾಲ್ಫನು ಬೊಹೀಮಿಯದ ಕಿರೀಟವನ್ನು ಕಳೆದುಕೊಂಡನು. ಕೆಪ್ಲರನು ಪ್ರಾಗನ್ನು ಬಿಟ್ಟು 1612ರಲ್ಲಿ ಲಿಂಟ್ಸ್ ಪಟ್ಟಣವನ್ನು ಸೇರಿದನು. ಅಲ್ಲಿ ಆತನ ಸ್ವಮತದ ಪಾದ್ರಿಯೇ, ಧರ್ಮಸೂತ್ರವೊಂದಕ್ಕೆ ಪೂರ್ತಿಯಾಗಿ ಸಹಿ ಹಾಕಲು ಒಪ್ಪಲಿಲ್ಲವೆಂಬ ಕಾರಣಕ್ಕಾಗಿ, ಆತನನ್ನು ಪ್ರಭುಭೋಜನ ಸಂಸ್ಕಾರದಿಂದ ಹೊರಗಿಟ್ಟನು. ಹೀಗೆ ಕ್ಯಾಥೊಲಿಕರಿಗೂ ಬೇಡವಾಗಿ, ತನ್ನವರಿಗೂ ಬೇಡವಾಗಿ ಆತನು ನಡುವೆ ನಿಂತನು. 1613ರಲ್ಲಿ ಸುಸಾನ್ನಾ ಎಂಬವಳನ್ನು ಮದುವೆಯಾದನು. ಅವಳಲ್ಲಿ ಹುಟ್ಟಿದ ಮಕ್ಕಳಲ್ಲಿಯೂ ಹಲವು ಎಳೆತನದಲ್ಲಿಯೇ ಮಡಿದವು.

1618ರ ಆರಂಭದಲ್ಲಿ ಎಳೆಯ ಮಗಳೊಬ್ಬಳನ್ನು ಮಣ್ಣು ಮಾಡಿ ಬಂದ ಕೆಪ್ಲರನು ಮನಸ್ಸಿನ ಸಮಾಧಾನಕ್ಕಾಗಿ ವಿಶ್ವದ ಸಾಮರಸ್ಯವನ್ನು ಕುರಿತ ಗ್ರಂಥದಲ್ಲಿ ಮುಳುಗಿದನು. ಆ ವರ್ಷದ ಮಾರ್ಚ್ 8ರಂದು ಒಂದು ಸಂಬಂಧವು ಆತನಿಗೆ ಹೊಳೆಯಿತು; ಲೆಕ್ಕ ತಪ್ಪಿ ಅದನ್ನು ಬದಿಗಿಟ್ಟನು; ಮೇ 15ರಂದು ಅದೇ ಮತ್ತೆ ಮರಳಿ ಬಂದು ಸರಿಯಾಗಿ ಕುಳಿತಿತು. ಇದೇ ಮೂರನೆಯ ನಿಯಮ. ಗ್ರಹವು ಸೂರ್ಯನನ್ನು ಒಂದು ಸುತ್ತು ಹಾಕುವ ಕಾಲದ ವರ್ಗವು, ಸೂರ್ಯನಿಂದ ಅದಕ್ಕಿರುವ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಉದಾಹರಣೆಗೆ, ಭೂಮಿಯ ದೂರವನ್ನು ಒಂದು ಎಂದು ಹಿಡಿದರೆ ಗುರುಗ್ರಹದ ದೂರ 5.2, ಇದರ ಘನ ಸುಮಾರು 140.6. ಗುರುವಿನ ಒಂದು ಸುತ್ತಿಗೆ 11.86 ವರ್ಷ, ಇದರ ವರ್ಗ ಸುಮಾರು 140.7. ಗ್ರಹದ ಸುತ್ತಿನ ಕಾಲವೊಂದು ತಿಳಿದರೆ ಸಾಕು, ಅದರ ದೂರವು ತಾನಾಗಿ ತಿಳಿಯುತ್ತದೆ. ಈ ನಿಯಮವು ದೊರೆತ ಎಂಟು ದಿನಗಳಿಗೆ ಪ್ರಾಗಿನಲ್ಲಿ ದಂಗೆಯೆದ್ದು, ಜರ್ಮನಿಯನ್ನು ಹಾಳುಗೆಡವಿದ ಮೂವತ್ತು ವರ್ಷಗಳ ಯುದ್ಧವು ಮೊದಲಾಯಿತು.

ಇಷ್ಟರಲ್ಲಿ ಇನ್ನೊಂದು ವಿಪತ್ತು ತಲೆಯೆತ್ತಿದ್ದಿತು. 1615ರಲ್ಲಿ ಕೆಪ್ಲರನ ತಾಯಿಯ ಮೇಲೆ ಊರಿನ ಹೆಂಗಸೊಬ್ಬಳು ಮಾಟಗಾತಿಯೆಂಬ ಆರೋಪವನ್ನು ಹೊರಿಸಿದಳು. ಆಕೆ ಕೊಟ್ಟ ಪಾನೀಯವನ್ನು ಕುಡಿದು ತನಗೆ ಕಾಯಿಲೆ ಬಂದಿತೆಂಬುದು ದೂರು. ಆ ಕಾಲದಲ್ಲಿ ಇಂತಹ ದೂರಿಗೆ ಸಿಕ್ಕಿದ ನೂರಾರು ಹೆಂಗಸರು ಬೆಂಕಿಗೆ ಆಹುತಿಯಾದರು. 1620ರ ಆಗಸ್ಟಿನಲ್ಲಿ, ಎಪ್ಪತ್ತು ದಾಟಿದ ಆ ಮುದುಕಿಯನ್ನು ಸೆರೆಹಿಡಿದು ಸರಪಳಿ ತೊಡಿಸಿದರು. ಕೆಪ್ಲರನು ಎಲ್ಲ ಕೆಲಸವನ್ನೂ ಬಿಟ್ಟು ಊರಿಗೆ ಧಾವಿಸಿದನು. ಗ್ರಹಗಳ ವಿಷಯದಲ್ಲಿ ತೋರಿದ ತಾಳ್ಮೆಯನ್ನೇ ಇಲ್ಲಿಯೂ ತೋರಿ, ಸಾಕ್ಷಿಗಳ ಒಂದೊಂದು ಹೇಳಿಕೆಯನ್ನೂ ಬಿಡಿಸಿ ನೋಡಿ, ರೋಗಗಳಿಗೆ ಸಹಜವಾದ ಕಾರಣಗಳಿರುವುದನ್ನು ವಿವರಿಸಿ ಪ್ರತಿವಾದವನ್ನು ಸಿದ್ಧಪಡಿಸಿದನು. 1621ರ ಸೆಪ್ಟೆಂಬರಿನಲ್ಲಿ ಚಿತ್ರಹಿಂಸೆಯ ಉಪಕರಣಗಳನ್ನು ಆ ತಾಯಿಯ ಕಣ್ಣೆದುರಿಗಿಟ್ಟು ಹೆದರಿಸಿದರು. ಅವಳು ಇಲ್ಲದ ತಪ್ಪನ್ನು ಒಪ್ಪಲಿಲ್ಲ. ಹದಿನಾಲ್ಕು ತಿಂಗಳ ಸೆರೆವಾಸದ ಅನಂತರ ಬಿಡುಗಡೆಯಾಗಿ, ಮರುವರ್ಷ ಏಪ್ರಿಲಿನಲ್ಲಿ ತೀರಿಕೊಂಡಳು.

ಈ ಸಂಕಟಕ್ಕೂ ಕೆಪ್ಲರನ ಹಳೆಯ ಬರಹಕ್ಕೂ ಒಂದು ನಂಟಿದ್ದಿತು. ವಿದ್ಯಾರ್ಥಿದೆಸೆಯಲ್ಲಿ ಪೆಟ್ಟಿಗೆ ಸೇರಿದ್ದ ಚಂದ್ರನ ವಿಷಯವನ್ನು ಆತನು 1609ರ ಸುಮಾರಿಗೆ ಕನಸಿನ ಕಥೆಯಾಗಿ ಬೆಳೆಸಿದ್ದನು. ಅದರ ನಾಯಕನು ಐಸ್‌ಲೆಂಡ್ ದ್ವೀಪದ ಹುಡುಗ. ಅವನ ತಾಯಿ ಗಿಡಮೂಲಿಕೆಗಳನ್ನು ಮಾರುವವಳು, ಚಂದ್ರಲೋಕದ ಭೂತವೊಂದನ್ನು ಕರೆಯಬಲ್ಲವಳು. ಆ ಭೂತವು ಚಂದ್ರನ ಸಂಗತಿಗಳನ್ನು ವರ್ಣಿಸುತ್ತದೆ. ಅಲ್ಲಿನ ಒಂದು ಹಗಲು ನಮ್ಮ ಹದಿನಾಲ್ಕು ಹದಿನೈದು ದಿನಗಳಷ್ಟು, ರಾತ್ರಿಯೂ ಅಷ್ಟೆ. ಒಂದು ಅರ್ಧದವರಿಗೆ ಭೂಮಿಯು ಆಕಾಶದಲ್ಲಿ ಕದಲದೆ ತೂಗುತ್ತಿರುವುದು ಕಾಣುತ್ತದೆ. ಇನ್ನೊಂದು ಅರ್ಧದವರಿಗೆ ಅದು ಎಂದೂ ಕಾಣುವುದಿಲ್ಲ. ಅಲ್ಲಿನ ಪ್ರಾಣಿಗಳು ಬೇಗ ಬೆಳೆದು ದೈತ್ಯಾಕಾರ ತಾಳಿ ಬೇಗ ಸಾಯುತ್ತವೆ. ಸುಡುವ ಬಿಸಿಲಿನಿಂದ ಗುಹೆಗಳಿಗೂ ನೀರಿಗೂ ನುಗ್ಗಿ ಬದುಕಿಕೊಳ್ಳುತ್ತವೆ. ಲೋಕದ ಸ್ಥಿತಿಗೆ ತಕ್ಕಂತೆ ಜೀವಿಯ ಸ್ವರೂಪವಿರಬೇಕೆಂಬ ಈ ಯೋಚನೆಯ ದಾರಿಯಲ್ಲಿಯೇ ಇಂದಿನ ವಿಜ್ಞಾನಿಗಳೂ ನಡೆದಿದ್ದಾರೆ. ಆದರೆ ಹಸ್ತಪ್ರತಿಯ ನಕಲು ಕೈಯಿಂದ ಕೈಗೆ ಹೋಗಿ, ಕಥೆಯ ತಾಯಿಯೇ ಕೆಪ್ಲರನ ತಾಯಿಯೆಂದು ಜನರು ಆಡಿಕೊಂಡರೆಂದು, ಆ ಆಡಿಕೆಯೇ ಬೆಂಕಿಗೆ ಗಾಳಿಯಾಯಿತೆಂದು ಕೆಪ್ಲರನು ಕೊರಗಿದನು. ತಾಯಿಯ ಮರಣದ ಅನಂತರ ಆ ಕಥೆಗೆ 223 ಟಿಪ್ಪಣಿಗಳನ್ನು ಬರೆದು, ಪ್ರತಿಯೊಂದು ಸಂಗತಿಗೂ ಶಾಸ್ತ್ರೀಯವಾದ ಅರ್ಥವನ್ನು ಕೊಟ್ಟನು. ಟಿಪ್ಪಣಿಗಳು ಕಥೆಗಿಂತ ದೊಡ್ಡದಾದವು.

ಕೆಪ್ಲರನ ಕಡೆಯ ದೊಡ್ಡ ಕೆಲಸವೆಂದರೆ ಗ್ರಹಸ್ಥಾನಗಳ ಕೋಷ್ಟಕಗಳು. ಟೈಕೋವಿಗೆ ಕೊಟ್ಟ ಮಾತು ಅದು. 1626ರಲ್ಲಿ ರೈತರ ದಂಗೆಯ ಕಾಲಕ್ಕೆ ಲಿಂಟ್ಸ್ ಪಟ್ಟಣಕ್ಕೆ ಮುತ್ತಿಗೆ ಬಿದ್ದು ಅಚ್ಚುಕೂಟವೇ ಸುಟ್ಟುಹೋಯಿತು. ಹಸ್ತಪ್ರತಿ ಮಾತ್ರ ಉಳಿಯಿತು. ಕೆಪ್ಲರನು ಉಲ್ಮ್ ಪಟ್ಟಣಕ್ಕೆ ಹೋಗಿ 1627ರಲ್ಲಿ ಅದನ್ನು ಅಚ್ಚು ಮಾಡಿಸಿದನು. ಆ ಲೆಕ್ಕಗಳ ಆಧಾರದಿಂದ, 1631ರ ನವೆಂಬರ್ 7ರಂದು ಬುಧಗ್ರಹವು ಸೂರ್ಯಬಿಂಬದ ಮೇಲೆ ಹಾದುಹೋಗುವುದು ಎಂದು ಮುಂಚಿತವಾಗಿಯೇ ಸಾರಿದನು.

ಅದನ್ನು ನೋಡಲು ಆತನು ಉಳಿಯಲಿಲ್ಲ. ರಾಜಬೊಕ್ಕಸದಿಂದ ಆತನಿಗೆ ಬರಬೇಕಾಗಿದ್ದ ಬಾಕಿ ಹನ್ನೊಂದು ಸಾವಿರ ಗುಲ್ಡನ್‌ಗಳಿಗೂ ಮಿಕ್ಕಿದ್ದಿತು. ಬಾಕಿಯ ವಿಚಾರವಾಗಿ 1630ರ ಚಳಿಯಲ್ಲಿ ದೂರದ ರೇಗೆನ್ಸ್‌ಬುರ್ಗ್ ನಗರಕ್ಕೆ ಪ್ರಯಾಣ ಮಾಡಿ, ಅಲ್ಲಿ ಜ್ವರಕ್ಕೆ ತುತ್ತಾಗಿ ನವೆಂಬರ್ 15ರಂದು ಪ್ರಾಣಬಿಟ್ಟನು. ಆಗ ಆತನಿಗೆ ಐವತ್ತೊಂಬತ್ತು ವರ್ಷ ತುಂಬಿರಲಿಲ್ಲ. ಊರ ಹೊರಗಣ ಸ್ಮಶಾನದಲ್ಲಿ ಆತನನ್ನು ಹೂಳಿದರು. ಕೆಲವೇ ವರ್ಷಗಳಲ್ಲಿ ಯುದ್ಧವು ಆ ಸ್ಮಶಾನವನ್ನೇ ಅಳಿಸಿಹಾಕಿತು. ಇಂದು ಆತನ ಗೋರಿಯ ಗುರುತೂ ಇಲ್ಲ.

ಮರುವರ್ಷ, ಹೇಳಿದ್ದ ದಿನದಂದೇ, ಪ್ಯಾರಿಸಿನಲ್ಲಿ ಗಸೆಂಡಿ ಎಂಬ ವಿದ್ವಾಂಸನು ಸೂರ್ಯನ ಬಿಂಬವನ್ನು ಕಾಗದದ ಮೇಲೆ ಬೀಳಿಸಿ, ಅದರ ಮೇಲೆ ಸಾಗಿದ ಬುಧನ ಸಣ್ಣ ಕರಿಯ ಚುಕ್ಕೆಯನ್ನು ಕಂಡನು. ಗ್ರಹವೊಂದು ತನ್ನ ಸೂರ್ಯನ ಮುಂದೆ ಹಾಯುವುದನ್ನು ಮಾನವನು ಲೆಕ್ಕ ಹಾಕಿ ಕಾದುಕುಳಿತು ಕಂಡುದು ಅದೇ ಮೊದಲು. ಚಂದ್ರನ ಕಥೆಯನ್ನು ಮಗ ಲುಡ್ವಿಗನು 1634ರಲ್ಲಿ ಬೆಳಕಿಗೆ ತಂದನು. 1687ರಲ್ಲಿ ನ್ಯೂಟನ್ನನು ಗುರುತ್ವಾಕರ್ಷಣದ ತತ್ತ್ವವನ್ನು ಪ್ರಕಟಿಸಿ, ಕೆಪ್ಲರನ ನಿಯಮಗಳು ಅದರಿಂದಲೇ ಹೊರಡುತ್ತವೆಂದು ತೋರಿಸಿದನು. ಅಂದಿನಿಂದ ಅವು ನಮ್ಮ ಸೂರ್ಯನೊಬ್ಬನ ನಿಯಮಗಳಾಗಿ ಉಳಿಯಲಿಲ್ಲ; ಯಾವ ತಾರೆಗಾದರೂ ಸಲ್ಲುವ ನಿಯಮಗಳಾದವು.

ಈಗ ಮೊದಲಿಗೆ ಹೇಳಿದ ದೂರದರ್ಶಕಕ್ಕೆ ಬರೋಣ. ಅದು ಹಂಸ ಮತ್ತು ವೀಣಾ ನಕ್ಷತ್ರಪುಂಜಗಳ ದಿಕ್ಕಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ತಾರೆಗಳ ಬೆಳಕನ್ನು ನಾಲ್ಕು ವರ್ಷಗಳ ಕಾಲ ಬಿಡದೆ ಅಳೆಯಿತು. ಗಸೆಂಡಿ ಕಂಡ ಬುಧನಂತೆಯೇ, ಅನ್ಯ ತಾರೆಯ ಮುಂದೆ ಅದರ ಗ್ರಹವು ಹಾದುಹೋದರೆ ತಾರೆಯ ಬೆಳಕು ಎಳ್ಳಷ್ಟು ಕುಂದುತ್ತದೆ. ಸೂರ್ಯನಂತಹ ತಾರೆಯ ಮುಂದೆ ಭೂಮಿಯಂತಹ ಗ್ರಹವು ಹಾಯ್ದರೆ ಕುಂದುವುದು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಮೆ. ಕುಂದಿದ ಪ್ರಮಾಣದಿಂದ ಗ್ರಹದ ಗಾತ್ರವು ತಿಳಿಯುತ್ತದೆ. ಎಷ್ಟು ದಿನಗಳಿಗೊಮ್ಮೆ ಕುಂದುತ್ತದೆ ಎಂಬುದರಿಂದ ಸುತ್ತಿನ ಕಾಲವೂ, ಆ ಕಾಲದಿಂದ, ಕೆಪ್ಲರನ ಮೂರನೆಯ ನಿಯಮದ ಮೂಲಕ, ದೂರವೂ ತಿಳಿಯುತ್ತವೆ. ದೂರವು ತಿಳಿದ ಮೇಲೆ ಅಲ್ಲಿ ನೀರು ಹೆಪ್ಪುಗಟ್ಟದೆ, ಕುದಿದು ಆವಿಯಾಗದೆ ಹರಿಯಬಲ್ಲುದೆ ಎಂದು ಊಹಿಸಬಹುದು. ನೀರು ಹರಿಯುವಲ್ಲಿ ಜೀವವನ್ನು ಹುಡುಕಬಹುದು. 2014ರಲ್ಲಿ ಪ್ರಕಟವಾದ ಕೆಪ್ಲರ್-186ಎಫ್ ಎಂಬುದು ಗಾತ್ರದಲ್ಲಿ ಭೂಮಿಯನ್ನು ಹೋಲುತ್ತದೆ. ತನ್ನ ಚಿಕ್ಕ ತಾರೆಯನ್ನು 130 ದಿನಗಳಲ್ಲಿ ಸುತ್ತುತ್ತದೆ. 2015ರಲ್ಲಿ ಪ್ರಕಟವಾದ ಕೆಪ್ಲರ್-452ಬಿ ಭೂಮಿಗಿಂತ ದೊಡ್ಡದು. ಅದರ ಒಂದು ವರ್ಷಕ್ಕೆ ನಮ್ಮ 385 ದಿನಗಳು. ಇಂತಹ ಎರಡು ಸಾವಿರದ ಆರುನೂರಕ್ಕೂ ಹೆಚ್ಚು ಗ್ರಹಗಳನ್ನು ಕಂಡುಕೊಟ್ಟು, ಇಂಧನ ತೀರಿ, 2018ರಲ್ಲಿ ಆ ದೂರದರ್ಶಕವು ಕೆಲಸ ನಿಲ್ಲಿಸಿತು. ಅದಕ್ಕೆ ಕಡೆಯ ಆಜ್ಞೆಯನ್ನು ಕಳುಹಿಸಿದ ದಿನ ನವೆಂಬರ್ 15. ಕೆಪ್ಲರನು ತೀರಿಕೊಂಡ ದಿನವೂ ಅದೇ.

ಬ್ರೂನೋ ಹೇಳಿದುದೇ ನಿಜವಾಯಿತು. ಕೆಪ್ಲರನು ಅಂಜಿದುದೇ ನಿಜವಾಯಿತು. ಆದರೆ ಬ್ರೂನೋವಿನ ಮಾತು ನಿಜವೆಂದು ತೋರಿಸಿಕೊಟ್ಟ ಸಾಧನವನ್ನು ನಮ್ಮ ಕೈಗಿತ್ತವನು ಕೆಪ್ಲರ್. ಬ್ರೂನೋವಿನಲ್ಲಿ ಧೈರ್ಯವಿದ್ದಿತು, ದರ್ಶನವಿದ್ದಿತು, ಅಳತೆ ಇರಲಿಲ್ಲ. ಕೆಪ್ಲರನಲ್ಲಿ ತನ್ನ ಪ್ರಿಯವಾದ ನಂಬಿಕೆಯನ್ನೂ ಅಳತೆಯ ಮುಂದೆ ಬಾಗಿಸುವ ಪ್ರಾಮಾಣಿಕತೆ ಇದ್ದಿತು. ವೃತ್ತವು ಆತನಿಗೆ ಪ್ರಿಯವಾಗಿದ್ದಿತು. ಎಂಟು ಕಲೆಗಳಿಗಾಗಿ ಅದನ್ನು ಬಿಟ್ಟನು. ಅನ್ಯ ತಾರೆಗಳ ಗ್ರಹಗಳನ್ನು ಇಂದು ಆತನ ಮುಂದಿಟ್ಟಿದ್ದರೆ, ಒಂದು ರಾತ್ರಿ ನಿದ್ದೆಗೆಟ್ಟು ಮರುದಿನ ಅವುಗಳ ಕಕ್ಷೆಯನ್ನು ಲೆಕ್ಕ ಹಾಕಲು ಕುಳಿತುಬಿಡುತ್ತಿದ್ದನೆಂದು ನನ್ನ ಭಾವನೆ.

ಭೂಮಿಯ ಹೊರಗೆ ಜೀವವಿರುವುದಕ್ಕೆ ಇಂದಿನವರೆಗೆ ಖಚಿತವಾದ ಸಾಕ್ಷ್ಯ ದೊರೆತಿಲ್ಲ. ನಾಳೆ ದೊರೆಯಬಹುದು, ಎಷ್ಟು ಹುಡುಕಿದರೂ ದೊರೆಯದೆಯೂ ಇರಬಹುದು. ಉತ್ತರವು ಯಾವುದೇ ಆಗಲಿ, ಅದು ನಮ್ಮಲ್ಲಿ ಹಲವರ ನಂಬಿಕೆಗೆ ಒಗ್ಗದ ಉತ್ತರವಾಗಿರುವುದು ನಿಶ್ಚಯ. ಅದನ್ನು ಎದುರುಗೊಳ್ಳಲು ಬೇಕಾದುದು ಭೌತವಿಜ್ಞಾನದ ಪದವಿಯಲ್ಲ. ಕಲಾ ವಿಭಾಗದಲ್ಲಿ ಓದುವ ನಾವೂ ರೂಢಿಸಿಕೊಳ್ಳಬಹುದಾದ ಒಂದು ಮನೋಧರ್ಮ. ಅದಕ್ಕೆ ಮಾದರಿ ಬೇಕೆನಿಸಿದಾಗ, ಮಂಜುಗಣ್ಣಿನಿಂದ ಟೈಕೋವಿನ ಅಂಕಿಗಳ ಮೇಲೆ ಬಾಗಿ, ಎಪ್ಪತ್ತು ಸಲ ಮಾಡಿದ ಲೆಕ್ಕವನ್ನು ಹೊಡೆದುಹಾಕಿ ಹೊಸ ಹಾಳೆಯನ್ನು ತೆಗೆದುಕೊಂಡ ಆ ಬಡ ಉಪಾಧ್ಯಾಯನನ್ನು ನೆನೆಯೋಣ.